‘ಇನ್ನೂರು ಇತ್ತಲ್ಲ?’

ಅಪಾರ್ಟ್‌ಮೆಂಟ್ ಅಸೋಸಿಯೇಶನ್ನಿನ ಸೆಕ್ರೆಟರಿ ಹುದ್ದೆ ಎಂದರೆ ಮೀಟಿಂಗಿಗೆ ತಡವಾಗಿ ಹೋದವನಿಗೆ ಸಿಗುವ ಶಿಕ್ಷೆ. ನಾನು ಹದಿನೈದು ನಿಮಿಷ ತಡವಾಗಿ ಹೋಗಿದ್ದೆ. ಮಂಗಳೂರಿನ ಬಿಜೈಯ ನಮ್ಮ ಕಟ್ಟಡದಲ್ಲಿ 24 ಮನೆ. ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಏನು ಬೇಕಾದರೂ ಇರಲಿ, ವಾಟ್ಸಾಪ್ ಗ್ರೂಪಿಗೆ ಬಂದಾಗ ಎಲ್ಲರೂ ಬರೆಯುವುದು ಕನ್ನಡ. ಹಾಗಾಗಿ ನೋಟಿಸು ಬರೆಯುವ ಕೆಲಸ ನನಗೆ ಹಗುರ ಅಂತ ನಾನೇ ಅಂದುಕೊಂಡಿದ್ದೆ.

ಮೇ ತಿಂಗಳ ಕೊನೆ. ಮಳೆ ಹಿಡಿಯುವ ಮೊದಲು ನೀರಿನ ಟ್ಯಾಂಕ್ ತೊಳೆಸಬೇಕು. ರಾತ್ರಿ 8.10ಕ್ಕೆ ಗ್ರೂಪಿಗೆ ಹಾಕಿದೆ: ‘ನಾಳೆ ಬೆಳಿಗ್ಗೆ 10ರಿಂದ 1ರವರೆಗೆ ನೀರು ಇರುವುದಿಲ್ಲ. ಟ್ಯಾಂಕ್ ಕ್ಲೀನಿಂಗ್. ಮನೆಗೆ 200 ರೂಪಾಯಿ.’ ಐದು ನಿಮಿಷದಲ್ಲಿ ಒಂಬತ್ತು ಹೆಬ್ಬೆರಳು ಬಂದವು. ಇಷ್ಟು ಬೇಗ ಇಷ್ಟು ಒಪ್ಪಿಗೆ ನನ್ನ ಸೆಕ್ರೆಟರಿ ಬಾಳಿನಲ್ಲೇ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಕ್ಲೀನಿಂಗಿನವರ ಫೋನು. ಹತ್ತಕ್ಕೆ ಬೇರೆ ಕಡೆ ಕೆಲಸ ಉಂಟಂತೆ, ಎಂಟಕ್ಕೇ ಬರುತ್ತಾರಂತೆ. ಕೆಳಗಿನ ಸಂಪನ್ನೂ ತೊಳೆಯದಿದ್ದರೆ ಮೇಲಿನ ಟ್ಯಾಂಕ್ ತೊಳೆದು ಏನು ಪ್ರಯೋಜನ ಅಂತ ಬೇರೆ ಕೇಳಿದರು. ಅದು ನ್ಯಾಯವೇ. ಲೆಕ್ಕ ಹಾಕಿದರೆ ಮನೆಗೆ 350 ಆಯಿತು. ಮೆಸೇಜನ್ನು ಬೆರಳಲ್ಲಿ ಒತ್ತಿ ಹಿಡಿದು, 10 ಇದ್ದದ್ದನ್ನು 8 ಮಾಡಿದೆ, 1 ಇದ್ದದ್ದನ್ನು 11, 200 ಇದ್ದದ್ದನ್ನು 350. ಆಗ ಗಂಟೆ 8.22. ವಾಟ್ಸಾಪ್ 2023ರ ಮೇಯಲ್ಲಿ ಈ ತಿದ್ದುವ ಸೌಕರ್ಯ ಕೊಟ್ಟಾಗ ಹದಿನೈದು ನಿಮಿಷದ ಗಡುವು ಇಟ್ಟಿತ್ತು, ನಾನು ಹನ್ನೆರಡರಲ್ಲೇ ಮುಗಿಸಿದ್ದೆ. ಗ್ರೂಪಿನಲ್ಲಿ ಒಂದೇ ಮೆಸೇಜು, ಗೊಂದಲವಿಲ್ಲ, ಎಷ್ಟು ಚೊಕ್ಕ! ಊಟ ಮಾಡಿ ಮಲಗಿದೆ.

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ವಾಲ್ವ್ ಬಂದ್ ಆಯಿತು. 8.20ಕ್ಕೆ ನಾಲ್ಕನೇ ಮಾಳಿಗೆಯಿಂದ ಕರೆ ಬಂತು. ಫೋನಿನ ಕರೆಯಲ್ಲ, ಬಾಯಿಯ ಕರೆ. ಮೆಟ್ಟಿಲ ಸಂದಿಯಲ್ಲಿ ನನ್ನ ಹೆಸರು ಮೂರು ಸಲ ಇಳಿದು ಬಂತು. ಹತ್ತಿ ಹೋದರೆ ಬ್ಯಾಂಕ್ ಮಾಮ್ ಬಾಗಿಲಲ್ಲಿ ನಿಂತಿದ್ದಾರೆ. ಸೊಂಟಕ್ಕೆ ಬೈರಾಸು, ತಲೆಯಿಂದ ಭುಜದವರೆಗೆ ಸಾಬೂನಿನ ನೊರೆ, ಒಂದು ಕಣ್ಣು ಮುಚ್ಚಿದೆ.

ಅವರ ಬಗ್ಗೆ ಒಂದು ಮಾತು. ಮಾಮ್ ಅಂದರೆ ಮೇಡಮ್ ಅಲ್ಲ, ಕೊಂಕಣಿಯ ಮಾವ. ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ ಊರಿದು. ಇಲ್ಲಿ ರಿಟೈರ್ಡ್ ಬ್ಯಾಂಕಿನವರು ಇಲ್ಲದ ಅಪಾರ್ಟ್‌ಮೆಂಟ್ ಹುಡುಕುವುದು ಕಷ್ಟ. ನಮ್ಮ ಪಾಲಿಗೆ ಬಂದವರು ಇವರು.

“ಹತ್ತು ಗಂಟೆ ಅಂತ ಹಾಕಿದ್ದಲ್ಲವಾ ನೀನು?”

“ಆಮೇಲೆ ಎಡಿಟ್ ಮಾಡಿದ್ದೇನೆ ಮಾಮ್. ‘ಎಡಿಟ್ ಮಾಡಲಾಗಿದೆ’ ಅಂತ ಕೆಳಗೆ ಬರ್ತದಲ್ಲ...”

“ಎಡಿಟ್ ಮಾಡಿದ್ದು ಅಂತ ಬರ್ತದೆ. ಎಂತ ಎಡಿಟ್ ಮಾಡಿದ್ದು ಅಂತ ಬರ್ತದಾ ಮಾರಾಯಾ?”

ಉತ್ತರ ಇರಲಿಲ್ಲ. ಹಳೆಯ ಮಾತು ಏನಿತ್ತೆಂದು ಅದು ತೋರಿಸುವುದಿಲ್ಲ. ತಿದ್ದಿದರೆ ಯಾರ ಫೋನೂ ಟಿಣ್ ಅನ್ನುವುದೂ ಇಲ್ಲ. ಒಮ್ಮೆ ಓದಿ ಹೆಬ್ಬೆರಳು ಒತ್ತಿದವರು ಮತ್ತೆ ಯಾಕಾದರೂ ಅದನ್ನು ತೆರೆದು ನೋಡಬೇಕು? ಆ ಲೆಕ್ಕದಲ್ಲಿ ಮೆಸೇಜನ್ನು ಅಳಿಸಿಯೇ ಬಿಟ್ಟಿದ್ದರೆ ವಾಸಿಯಿತ್ತು. ಅಳಿಸಿದ್ದೇವೆ ಎಂಬ ಸಮಾಧಿ ಕಲ್ಲಾದರೂ ಅಲ್ಲಿ ಉಳಿಯುತ್ತದೆ, ಅದನ್ನು ಕಂಡವರು ‘ಎಂತದು ಅದು?’ ಅಂತ ಕೇಳುತ್ತಾರೆ.

ಕಂಪೌಂಡಿನ ಮೂಲೆಯಲ್ಲಿ ಹಳೆಯ ಬಾವಿ ಉಂಟು. ಮನೆ ಕೆಡವಿ ಬಿಲ್ಡಿಂಗ್ ಎಬ್ಬಿಸಿದರೂ ಬಾವಿ ಮುಚ್ಚಲು ಮನಸ್ಸು ಬಾರದ ಊರು ನಮ್ಮದು, ಆ ದಿನ ಅದರ ಬೆಲೆ ಗೊತ್ತಾಯಿತು. ಮೇ ತಿಂಗಳ ನೀರು, ಪಾತಾಳದಲ್ಲಿತ್ತು. ಎರಡು ಬಕೆಟ್ ಸೇದಿ, ಲಿಫ್ಟಿನಲ್ಲಿ ಅರ್ಧ ಚೆಲ್ಲಿ, ಉಳಿದದ್ದನ್ನು ಮಾಮ್ ಬಚ್ಚಲಿಗೆ ಮುಟ್ಟಿಸಿದೆ. “ಕಾಫಿ ಕುಡಿದು ಹೋಗು” ಎಂದರು ಒಳಗಿಂದ. ಕೂತೆ. ಬೈಗುಳ ಬಾಕಿ ಉಂಟೆಂದು ಗೊತ್ತಿತ್ತು.

ಕೂತು ಫೋನು ತೆಗೆದೆ. ನಿಜವಾದ ಅವಾಂತರ ಅಲ್ಲಿತ್ತು.

ಒಂದನೇ ಮಾಳಿಗೆಯ ಸರ್ ಗ್ರೂಪಿನಲ್ಲಿ ಕೇಳಿದ್ದರು: ‘ಮನೆಗೆ 200 ಇತ್ತಲ್ಲ?’ ಅದಕ್ಕೆ ಮೇಲಿನ ಮನೆಯ ಹುಡುಗನ ಉತ್ತರ: ‘ಇಲ್ಲ ಸರ್, 350 ಅಂತಲೇ ಉಂಟು, ನೋಡಿ.’ ಅವನು ರಾತ್ರಿ ಒಂಬತ್ತರ ನಂತರ ನೋಡಿದವನು, ಅವನದ್ದೇನೂ ತಪ್ಪಿಲ್ಲ. ಇನ್ನೊಬ್ಬರು ಬರೆದಿದ್ದರು: ‘ನೀವೇ ಹೆಬ್ಬೆರಳು ಒತ್ತಿದ್ದೀರಿ ಸರ್.’ ಮತ್ತೊಬ್ಬರು: ‘ಕನ್ನಡಕ ಬದಲಿಸುವ ಟೈಮ್ ಆಯ್ತು.’ ಕೆಳಗೆ ಮೂರು ನಗುವ ಮುಖ. ಕೊನೆಗೆ ಸರ್ ಬರೆದದ್ದು: ‘ಹೌದಾ, ಇರಬಹುದು. ಈಗೀಗ ಮರೆವು.’

ಅವರು ಒತ್ತಿದ್ದು 200ಕ್ಕೆ. ನಾನು ಕೆಳಗಿನ ಅಂಕಿ ಬದಲಿಸಿದೆ, ಮೇಲೆ ಅವರ ಒಪ್ಪಿಗೆ ಹಾಗೆಯೇ ಕೂತಿತ್ತು. ಒಂಬತ್ತು ಮನೆಯವರ ಸಹಿಯನ್ನು ಒಂದು ಕಾಗದದಿಂದ ಎತ್ತಿ ಇನ್ನೊಂದಕ್ಕೆ ಅಂಟಿಸಿದ ಹಾಗಾಯಿತು. ನನ್ನ ಮೆಸೇಜು ನನ್ನದೇ ನಿಜ, ಆದರೆ ಅದರ ಕೆಳಗೆ ಬಂದ ಮಾತುಗಳು ನನ್ನವಲ್ಲವಲ್ಲ.

ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ: ಅದನ್ನು ಓದಿದ ಕೂಡಲೇ ‘ಸರ್ ಹೇಳಿದ್ದು ಸರಿ, ತಿದ್ದಿದ್ದು ನಾನು’ ಎಂದು ಬರೆಯಬಹುದಿತ್ತು. ಬರೆಯಲಿಲ್ಲ. ಫೋನನ್ನು ಬೋರಲು ಹಾಕಿದೆ. ಸರ್ ಹೇಗೂ ಒಪ್ಪಿಕೊಂಡರಲ್ಲ, ಗಲಾಟೆ ಇಲ್ಲದೆ ಮುಗಿಯುತ್ತದಲ್ಲ ಎಂಬ ಆಸೆ.

ಮಾಮ್ ತಲೆ ಒರೆಸಿಕೊಳ್ಳುತ್ತ ಬಂದು, ಟಿವಿಯ ಪಕ್ಕದಿಂದ ಉದ್ದ ಪುಸ್ತಕವೊಂದನ್ನು ತೆಗೆದು ನನ್ನ ಮುಂದಿಟ್ಟರು. ಮನೆಖರ್ಚಿನ ಲೆಕ್ಕ. ನೀಲಿ ಶಾಯಿ, ಒಂದೇ ಅಳತೆಯ ಅಕ್ಷರ. ಹಿಂದಿನ ದಿನದ ಪುಟದ ಕೊನೆಯ ಸಾಲು: ‘ಟ್ಯಾಂಕ್ ಕ್ಲೀನಿಂಗ್, ಕೊಡಬೇಕಾದದ್ದು, 200.’ ಮೆಸೇಜು ಕಂಡ ತಕ್ಷಣ ಬರೆದಿಟ್ಟಿದ್ದರು. ಇಡೀ ಕಟ್ಟಡದಲ್ಲಿ ನನ್ನ ಹಳೆಯ ಮಾತು ಉಳಿದಿದ್ದ ಜಾಗ ಅದೊಂದೇ.

ಬೈಯುತ್ತಾರೆಂದು ಕಾದರೆ ಅವರು ಪುಟ ಹಿಂದಕ್ಕೆ ಮಗುಚಿದರು. ಒಂದು ಕಡೆ ‘ಬಂಗುಡೆ 180’ ಎಂದಿತ್ತು. 180ರ ಮೇಲೆ ಒಂದೇ ಒಂದು ಅಡ್ಡಗೆರೆ, ಅಡಿಯ ಅಂಕಿ ಸ್ಪಷ್ಟವಾಗಿ ಓದಬಹುದು. ಮೇಲೆ 160, ಪಕ್ಕದಲ್ಲಿ ಸಣ್ಣ ಸಹಿ, ಇನ್ನೂ ಸಣ್ಣ ಅಕ್ಷರದಲ್ಲಿ ‘20 ವಾಪಸು ಕೊಟ್ಟಳು’. ಮೀನಿನವಳು ಚಿಲ್ಲರೆ ಇಲ್ಲದೆ ಮರುದಿನ ಕೊಟ್ಟದ್ದಂತೆ.

“ಲೆಡ್ಜರಿನಲ್ಲಿ ರಬ್ಬರ್ ಮುಟ್ಟಲಿಕ್ಕಿಲ್ಲ, ಅಂಕಿಯ ಮೇಲೆ ಅಂಕಿ ತಿದ್ದಲಿಕ್ಕಿಲ್ಲ. ಸೇರಿದ ಮೊದಲ ವಾರ ಕಲಿಸಿದ್ದು ಅಷ್ಟೇ. ತಪ್ಪದ ಕ್ಲಾರ್ಕ್ ಯಾರುಂಟು? ತಪ್ಪು ಕಾಣಬೇಕು, ತಿದ್ದಿದವನೂ ಕಾಣಬೇಕು.” ಕಾಫಿ ಸುರಿದು ಮುಂದುವರಿಸಿದರು. “ಚೆಕ್ಕಿನಲ್ಲಿ ಮೊದಲು ತಿದ್ದಿ ಪಕ್ಕದಲ್ಲಿ ಸಹಿ ಹಾಕಿದರೆ ನಡೀತಿತ್ತು. ಈಗ ಚೆಕ್ಕಿನ ಚಿತ್ರ ಕ್ಲಿಯರಿಂಗಿಗೆ ಹೋಗ್ತದೆ ನೋಡು, 2010ರ ಡಿಸೆಂಬರಿನಿಂದ ಅದೂ ಇಲ್ಲ. ಹೆಸರು, ಮೊತ್ತ ತಿದ್ದುವುದಾದರೆ ಹೊಸ ಚೆಕ್ಕೇ ಬರೀಬೇಕು.”

ಈ ಮಾತು ನನಗೆ ನಾಟಿತು. ಎಲ್ಲ ತಿದ್ದುಪಡಿಗೂ ಡಂಗುರ ಬೇಕಿಲ್ಲ. ಹಿಂದಿನ ವಾರ ‘ಲಿಫ್ಟ್ ರಿಪೇರಿ’ ಎನ್ನಲು ಹೋಗಿ ‘ಲಿಫ್ಟ್ ರಿಪೋರಿ’ ಎಂದಿದ್ದೆ, ಸದ್ದಿಲ್ಲದೆ ಸರಿಮಾಡಿದೆ, ಯಾರಿಗೆ ನಷ್ಟ? ಅದಕ್ಕೂ ವಿವರಣೆ ಕೊಡುತ್ತ ಕೂತರೆ ಓದುವವರ ತಾಳ್ಮೆ ಕೆಡುತ್ತದೆ. ಆದರೆ ಗಂಟೆ ಮತ್ತು ಹಣ ಬೇರೆ ಜಾತಿ, ಅವನ್ನು ನಂಬಿ ಜನ ಸಾಬೂನು ಹಚ್ಚಿಕೊಳ್ಳುತ್ತಾರೆ. ವಿಕಿಪೀಡಿಯದಲ್ಲಿ ಒಂದು ಅಕ್ಷರ ತಿದ್ದಿದರೂ ಯಾಕೆಂದು ಬರೆಯಲು ಕೆಳಗೊಂದು ಪುಟ್ಟ ಚೌಕ ಇರುತ್ತದೆ, ಹಳೆಯ ಪ್ರತಿಗಳೆಲ್ಲ ‘ಇತಿಹಾಸ’ದಲ್ಲಿ ಉಳಿಯುತ್ತವೆ. ನಮ್ಮ ಗ್ರೂಪಿಗೆ ಅಂಥ ಚೌಕ ಇಲ್ಲ ಅಂದರೆ ಅದನ್ನು ಬರೆಯಬೇಕಾದವನು ನಾನೇ.

ಹಳೆಯ ಮೆಸೇಜು ತಿದ್ದುವ ಹೊತ್ತು ಮೀರಿತ್ತು. ಅದೇ ಸೋಫಾದಲ್ಲಿ ಕೂತು ಹೊಸದು ಬರೆದೆ: ‘ನಿನ್ನೆ 8.10ಕ್ಕೆ 10 ಗಂಟೆ, 200 ರೂಪಾಯಿ ಅಂತ ಹಾಕಿದ್ದೆ. 8.22ಕ್ಕೆ 8 ಗಂಟೆ, 350 ಅಂತ ತಿದ್ದಿದೆ. ಅವರು ಬೇಗ ಬರುವುದಾಗಿ ಹೇಳಿದ್ದರಿಂದ ಮತ್ತು ಸಂಪು ಸೇರಿದ್ದರಿಂದ. ಯಾರಿಗೂ ಹೇಳಲಿಲ್ಲ, ತಪ್ಪಾಯಿತು. ಒಂದನೇ ಮಾಳಿಗೆಯ ಸರ್ ಹೇಳಿದ್ದು ಸರಿ. 200ಕ್ಕೆ ಒಪ್ಪಿದವರು 350 ಒಪ್ಪಿದ ಹಾಗೆ ಅಲ್ಲ.’ ಎರಡು ಸಲ ಓದಿ ಕಳಿಸಿದೆ. ಹೆಬ್ಬೆರಳು ಬರಲು ಈ ಸಲ ತುಂಬ ಹೊತ್ತು ಹಿಡಿಯಿತು. ಇಬ್ಬರು ಸಂಪಿನ ಹಣ ಮುಂದಿನ ತಿಂಗಳು ಕೊಡುತ್ತೇವೆ ಎಂದರು. ಕನ್ನಡಕದ ಮಾತು ಬರೆದವರು ಅದನ್ನು ಅಳಿಸಿದರು, ಸಮಾಧಿ ಕಲ್ಲು ಉಳಿಯಿತು.

ಸಂಜೆ ವಸೂಲಿಗೆ ಹೊರಟಾಗ ಒಂದನೇ ಮಾಳಿಗೆಯ ಸರ್ 350 ಎಣಿಸಿ ಕೊಟ್ಟು, “ಕನ್ನಡಕ ಈ ವರ್ಷ ಬೇಡ ಅಲ್ಲವಾ?” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನಾಲ್ಕನೇ ಮಾಳಿಗೆಯಲ್ಲಿ ಪುಸ್ತಕ ತೆರೆದೇ ಇತ್ತು. 200ರ ಮೇಲೆ ಅಡ್ಡಗೆರೆ, ಮೇಲೆ 350, ಸಣ್ಣ ಸಹಿ, ಪಕ್ಕದಲ್ಲಿ ‘ಸಂಪು ಸೇರಿ. ಸೆಕ್ರೆಟರಿ ತಡವಾಗಿ ತಿಳಿಸಿದ್ದು’. ಮಾಮ್ ಹಣ ಕೊಟ್ಟು, ಪೆನ್ನನ್ನೂ ನನ್ನ ಕಡೆ ಚಾಚಿದರು.

“ಇಲ್ಲಿ ನೀನೂ ಒಂದು ಸಹಿ ಹಾಕು.”