ಸ್ಕೂಲಿಗೇ ಹೋಗದ ಮಗಳಿಗೆ ಕ್ರೆಡಿಟ್ ಯಾರು ಕೊಡ್ತಾರೆ?

ದೀಪಾವಳಿ ಊಟಕ್ಕೆ ಹೋದ್ರೂ ಇದೇ ಪ್ರಶ್ನೆ, ಶಿವಮೊಗ್ಗದಿಂದ ಚಿಕ್ಕಮ್ಮ ಫೋನ್ ಮಾಡಿದ್ರೂ ಇದೇ ಪ್ರಶ್ನೆ, ಈಗೀಗ ಪರಿಚಯ ಇಲ್ಲದೋರೂ ಯಾರದ್ದೋ ಹತ್ರ ನಂಬರ್ ತಗೊಂಡು ಮೆಸೇಜ್ ಮಾಡಿ ಕೇಳ್ತಾರೆ: ಮಗಳು ಸ್ಕೂಲಿಗೇ ಹೋಗಿಲ್ಲ ಅಂದ್ರೆ ಕಾಲೇಜಿಗೆ ಬೇಕಾದ ಹೈಸ್ಕೂಲ್ ಕ್ರೆಡಿಟ್ ಯಾರು ಕೊಟ್ರು, ಎಲ್ಲಿಂದ ಬಂತು ಅಂತ. ನಾವಿರೋದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ರ. ಮಗಳು ಐದನೇ ಕ್ಲಾಸಿಂದ ಮನೇಲೇ ಓದಿದ್ಲು, ಹೋದ ವರ್ಷ ಇಲ್ಲೇ ಒಂದು ಸ್ಟೇಟ್ ಯೂನಿವರ್ಸಿಟಿ ಸೇರಿದ್ಲು. ಮಗ ಈಗ ಎಂಟನೇ ಕ್ಲಾಸು.

ಉತ್ತರ ಏನಂದ್ರೆ, ಕ್ರೆಡಿಟ್ ನಾನೇ ಕೊಟ್ಟೆ. ಟ್ರಾನ್ಸ್‌ಕ್ರಿಪ್ಟ್ ಅಂದ್ರೆ ಯಾವ ವಿಷಯ, ಎಷ್ಟು ಕ್ರೆಡಿಟ್, ಯಾವ ಗ್ರೇಡ್ ಅನ್ನೋ ಪಟ್ಟಿ, ಅದನ್ನ ನಾನೇ ಟೈಪ್ ಮಾಡಿ, ಕೆಳಗೆ ನಾನೇ ಸೈನ್ ಹಾಕಿ, ನೋಟರಿ ಹತ್ರ ಒಂದು ಸೀಲ್ ಹಾಕಿಸಿ ಕಳಿಸಿದೆ.

ಇದನ್ನ ಕೇಳಿದ ತಕ್ಷಣ ನಮ್ಮೋರ ಮುಖದಲ್ಲಿ ಗಾಬರಿ ಕಾಣುತ್ತೆ, ನಂಗೆ ಅದು ಅರ್ಥ ಆಗುತ್ತೆ. ನಾವೆಲ್ಲಾ ಎಸ್ಸೆಸ್ಸೆಲ್ಸಿ ಬರೆದು 625ಕ್ಕೆ ಎಷ್ಟು ಅಂತ ಬೋರ್ಡಿಂದ ಬಂದ ಮಾರ್ಕ್ಸ್ ಕಾರ್ಡನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬೀರುವಲ್ಲಿ ಇಟ್ಟೋರು, ಅದರ ಜೆರಾಕ್ಸಿಗೂ ಗಜೆಟೆಡ್ ಆಫೀಸರ್ ಸೈನ್ ಬೇಕಾಗಿತ್ತು. ತಾಯಿ ಕೊಟ್ಟ ಮಾರ್ಕ್ಸ್ ಯಾರು ನಂಬ್ತಾರೆ ಅಂತ ನಂಗೂ ಎರಡು ವರ್ಷ ನಿದ್ದೆ ಬಂದಿರಲಿಲ್ಲ. ಆದ್ರೆ ಟೆಕ್ಸಸ್‌ನಲ್ಲಿ 1994ರ ಲೀಪರ್ ಕೇಸಲ್ಲಿ ಸ್ಟೇಟ್ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ, ಹೋಂಸ್ಕೂಲ್ ಅಂದ್ರೆ ಒಂದು ಪ್ರೈವೇಟ್ ಸ್ಕೂಲ್ ಇದ್ದ ಹಾಗೆ ಅಂತ. ಪ್ರಾಮಾಣಿಕವಾಗಿ ಒಂದು ಪಠ್ಯಕ್ರಮ ಇಟ್ಕೊಂಡು ಓದೋದು, ಸ್ಪೆಲ್ಲಿಂಗ್, ವ್ಯಾಕರಣ, ಗಣಿತ, ಒಳ್ಳೆ ನಾಗರಿಕರಾಗಿ ಬಾಳೋದು ಇಷ್ಟು ಕಲಿಸಬೇಕು, ರಿಜಿಸ್ಟ್ರೇಷನ್ ಇಲ್ಲ, ಸರ್ಕಾರದ ಪರೀಕ್ಷೆ ಇಲ್ಲ. ಸ್ಟೇಟ್ ಯೂನಿವರ್ಸಿಟಿಗಳು ಹೋಂಸ್ಕೂಲ್ ಮಕ್ಕಳನ್ನ ಬೇರೆ ಮಕ್ಕಳ ಹಾಗೇ ನೋಡಬೇಕು ಅಂತಾನೂ ಕಾನೂನಿದೆ. ಅದಕ್ಕೇ ಮೊದಲು ನಿಮ್ಮ ಸ್ಟೇಟ್ ಕಾನೂನು ಓದಿ, ನ್ಯೂಯಾರ್ಕಲ್ಲಿ ಇರೋರು ನನ್ನ ಮಾತು ಕೇಳಿ ಏನೂ ಕಳಿಸದೆ ಕೂತ್ರೆ ಕಷ್ಟ, ಅಲ್ಲಿ ಮೂರು ತಿಂಗಳಿಗೊಂದು ರಿಪೋರ್ಟ್ ಸ್ಕೂಲ್ ಡಿಸ್ಟ್ರಿಕ್ಟಿಗೆ, ಅಂದ್ರೆ ಅಲ್ಲಿನ ಸರ್ಕಾರಿ ಸ್ಕೂಲುಗಳ ಆಡಳಿತಕ್ಕೆ, ಕೊಡಬೇಕು.

ಇನ್ನು ಕ್ರೆಡಿಟ್ ಅಂದ್ರೇನು ಅನ್ನೋದು. ಇದು ಎಲ್ಲಿಂದ ಬಂತು ಅಂತ ತಿಳ್ಕೊಂಡ ಮೇಲೆ ನನ್ನ ಭಯ ಅರ್ಧ ಹೋಯ್ತು. 1905ರಲ್ಲಿ ಆಂಡ್ರೂ ಕಾರ್ನೆಗಿ ಕಾಲೇಜು ಮೇಷ್ಟ್ರುಗಳ ಪಿಂಚಣಿಗೆ ಅಂತ 1 ಕೋಟಿ ಡಾಲರ್ ಕೊಟ್ರು, ಯಾವ ಕಾಲೇಜಿಗೆ ಆ ದುಡ್ಡು ಸಿಗಬೇಕು ಅಂತ ತೀರ್ಮಾನ ಮಾಡೋಕೆ ಕಾಲೇಜು ಅಂದ್ರೇನು, ಅಲ್ಲಿಗೆ ಬರೋ ಹುಡುಗ ಎಷ್ಟು ಓದಿರಬೇಕು ಅಂತ ಒಂದು ಅಳತೆ ಬೇಕಾಯ್ತು, ಆಗ ಹುಟ್ಟಿದ್ದೇ ಈ ಕಾರ್ನೆಗಿ ಯೂನಿಟ್ಟು. ಒಂದು ವಿಷಯ ಒಂದು ವರ್ಷ, ಸುಮಾರು 120 ಗಂಟೆ, ಒಂದು ಕ್ರೆಡಿಟ್. ಅಷ್ಟೇ. 36 ವಾರ, ವಾರಕ್ಕೆ 5 ದಿನ, ದಿನಕ್ಕೆ 40 ನಿಮಿಷ ಲೆಕ್ಕ ಹಾಕಿ ನೋಡಿ, ಸರಿಯಾಗಿ 120 ಗಂಟೆ ಬರುತ್ತೆ. ಅರ್ಧ ಕ್ರೆಡಿಟ್ ಅಂದ್ರೆ 60. ಗಣಿತದಂಥದ್ದಕ್ಕೆ ಗಂಟೆ ಲೆಕ್ಕ ಇಡೋ ಬದಲು ಪುಸ್ತಕ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಮುಗಿದ್ರೆ ಒಂದು ಕ್ರೆಡಿಟ್ ಅಂತ ಬಹಳ ಜನ ಬರ್ಕೋತಾರೆ, ನಾನೂ ಹಾಗೇ ಮಾಡಿದೆ, ಆದ್ರೆ ಪುಸ್ತಕ ಇಲ್ಲದ ವಿಷಯಕ್ಕೆ ಗಂಟೆ ಬರೀಲೇಬೇಕು.

ಹೈಸ್ಕೂಲ್ ಅಂದ್ರೆ ಇಲ್ಲಿ ನೈನ್ತಿಂದ ಟ್ವೆಲ್ತ್ ತನಕ, ಆ ನಾಲ್ಕು ವರ್ಷದ್ದು ಒಟ್ಟು ಎಷ್ಟು ಬೇಕು ಅಂದ್ರೆ, ಟೆಕ್ಸಸ್ ಸರ್ಕಾರಿ ಸ್ಕೂಲಲ್ಲಿ ಡಿಪ್ಲೊಮಾಗೆ, ಅಂದ್ರೆ ಹೈಸ್ಕೂಲ್ ಮುಗಿಸಿದ ಸರ್ಟಿಫಿಕೇಟಿಗೆ, 22, ಎಂಡಾರ್ಸ್‌ಮೆಂಟ್ ಅಂತ ಒಂದು ವಿಶೇಷ ವಿಷಯದ ಆಯ್ಕೆ ಸೇರಿದ್ರೆ 26. ಅದು ನಮಗೆ ಕಡ್ಡಾಯ ಅಲ್ಲ, ಆದ್ರೂ ಕಾಲೇಜಿನೋರ ಕಣ್ಣಿಗೆ ಅಭ್ಯಾಸ ಆಗಿರೋದು ಅದೇ ಆಕಾರ, ಹಾಗಾಗಿ ಇಂಗ್ಲಿಷ್ 4, ಗಣಿತ 4, ಲ್ಯಾಬ್ ಜೊತೆ ಸೈನ್ಸ್ 3 ಅಥವಾ 4, ಸೋಷಿಯಲ್ ಸ್ಟಡೀಸ್ 3 ಅಥವಾ 4, ಒಂದೇ ಭಾಷೆ ಕನಿಷ್ಠ 2, ಫೈನ್ ಆರ್ಟ್ಸ್ 1, ಪಿಇ (ದೈಹಿಕ ಶಿಕ್ಷಣ) 1, ಮಿಕ್ಕಿದ್ದು ಅವರ ಇಷ್ಟದ್ದು ಅಂತ ಇಟ್ಕೊಂಡೆ. ಮಗಳಿಗೆ ಎಂಜಿನಿಯರಿಂಗ್ ಆಸೆ, ಅಂದ್ರೆ ಟ್ವೆಲ್ತ್‌ನಲ್ಲಿ ಕ್ಯಾಲ್ಕುಲಸ್ ಬೇಕು, ಅಂದ್ರೆ ಎಲೆವೆಂತ್‌ನಲ್ಲಿ ಪ್ರೀಕ್ಯಾಲ್ಕುಲಸ್, ಹಿಂದಕ್ಕೆ ಹೋಗ್ತಾ ಹೋಗ್ತಾ ಆಲ್ಜೀಬ್ರಾ ಒನ್ ಎಂಟನೇ ಕ್ಲಾಸಲ್ಲೇ ಮುಗೀಬೇಕು ಅಂತ ಗೊತ್ತಾಗುತ್ತೆ. ಹೀಗೆ ಕೊನೆಯಿಂದ ಹಿಂದಕ್ಕೆ ಬರ್ಕೊಂಡು ಬನ್ನಿ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗಳ ಎ-ಜಿ ಪಟ್ಟಿ, ಅಂದ್ರೆ ಸೇರೋಕೆ ಓದಿರಬೇಕಾದ ಕೋರ್ಸುಗಳ ಪಟ್ಟಿ, ಬೇರೆ ಥರ, 15 ಕೋರ್ಸು, ಅದರಲ್ಲಿ 11 ಟ್ವೆಲ್ತ್ ಶುರು ಆಗೋಕೆ ಮುಂಚೆ ಮುಗಿದಿರಬೇಕು. ಆ ಕಡೆ ಕಣ್ಣಿದ್ದೋರು ನೈನ್ತ್‌ಗೆ ಮುಂಚೆನೇ ಅದನ್ನ ಮುಂದಿಟ್ಕೊಂಡು ಕೂತ್ಕೊಳ್ಳಿ.

ಇಷ್ಟು ಒಂದು ಹಾಳೆ ಕೆಲಸ. ನಾನು ಎಲ್ಲರಿಗೂ ಒತ್ತಿ ಹೇಳೋದು ಇದಲ್ಲ. ಕ್ರೆಡಿಟ್ ಅನ್ನೋದು ಪ್ಲಾನ್ ಮಾಡಿದ್ರೆ ಬರಲ್ಲ, ಮಗು ಮಾಡಿದ್ದನ್ನ ಮಾಡಿದ ದಿನವೇ ಬರೆದಿಟ್ರೆ ಬರುತ್ತೆ. ನೀವೇ ಸ್ಕೂಲು, ನೀವೇ ಆಫೀಸು, ದಾಖಲೆ ಇಡೋಕೆ ಬೇರೆ ಗುಮಾಸ್ತರು ಯಾರೂ ಇಲ್ಲ.

ನೈನ್ತ್‌ನಲ್ಲಿ ಬಯಾಲಜಿ ಲ್ಯಾಬ್ ಏನು ಮಾಡೋದು ಅಂತ ತಲೆ ಕೆಡಿಸ್ಕೊಂಡಿದ್ದಾಗ ಮಗಳೇ ಒಂದು ಪ್ರಶ್ನೆ ಕೇಳಿದ್ಲು, ಅಜ್ಜಿ ಮನೇಲಿ ರಾತ್ರಿ ಹೆಪ್ಪು ಹಾಕಿದ್ರೆ ಬೆಳಿಗ್ಗೆ ಮೊಸರು ರೆಡಿ, ಇಲ್ಲಿ ಡಿಸೆಂಬರಲ್ಲಿ ಯಾಕೆ ಮಧ್ಯಾಹ್ನ ಆದ್ರೂ ಹಾಲು ಹಾಲಾಗೇ ಇರುತ್ತೆ ಅಂತ. ಸರಿ, ನಾಲ್ಕು ಸ್ಟೀಲ್ ಬಟ್ಟಲು, ಒಂದೊಂದಕ್ಕೂ 200 ಎಂಎಲ್ ಕಾಸಿ ಆರಿಸಿದ ಹಾಲು, ಒಂದೊಂದು ಚಮಚ ಹೆಪ್ಪು. ಒಂದು ಫ್ರಿಜ್ಜಲ್ಲಿ, ಒಂದು ಅಡುಗೆಮನೆ ಕಟ್ಟೆ ಮೇಲೆ, ಒಂದು ಓವನ್ ಒಳಗೆ ಬರೀ ಲೈಟ್ ಹಾಕಿ, ಇನ್ನೊಂದು 60 ಡಿಗ್ರಿ ಬಿಸಿನೀರಿನ ಪಾತ್ರೆ ಒಳಗೆ. ಎರಡೆರಡು ಗಂಟೆಗೊಮ್ಮೆ ಪಿಎಚ್ ಸ್ಟ್ರಿಪ್ ಅದ್ದೋದು, ಬಣ್ಣ ನೋಡೋದು, ಟೆಂಪರೇಚರ್ ಬರೆಯೋದು. ಹಾಲಿನ ಪಿಎಚ್ ಆರೂವರೆ ಮೇಲಿರುತ್ತೆ, ನಾಲ್ಕೂವರೆ ಹತ್ರ ಬಂದಾಗ ಮೊಸರು ಗಟ್ಟಿ ಆಗಿರುತ್ತೆ. ಓವನ್ ಲೈಟಿಂದು ಅವತ್ತು ಸಂಜೆಗೇ ಗಟ್ಟಿ ಆಯ್ತು, ಕಟ್ಟೆ ಮೇಲಿಂದು ಮಾರನೇ ದಿನ ಮಧ್ಯಾಹ್ನದ ತನಕ ಎಳೀತು, ಬಿಸಿನೀರಿಂದು ಆಗಲೇ ಇಲ್ಲ, ಬ್ಯಾಕ್ಟೀರಿಯಾ ಸತ್ತು ಹೋಗಿತ್ತು. ಸ್ಟ್ರಿಪ್ ಬಣ್ಣ ಕಣ್ಣಂದಾಜಲ್ಲಿ ಓದೋದ್ರಿಂದ ತಪ್ಪಾಗುತ್ತೆ ಅಂತ ಅವಳೇ ಹೇಳಿ ಇನ್ನೂ ಎರಡು ಸಲ ಮಾಡಿದ್ಲು, ಗ್ರಾಫ್ ಹಾಕಿದ್ಲು. ಎಲ್ಲಾ ಪೆನ್ನಲ್ಲಿ, ಹೊಲಿದ ನೋಟ್‌ಬುಕ್ಕಲ್ಲಿ, ಪುಟದ ನಂಬರ್ ತಾರೀಖು ಹಾಕಿ, ತಪ್ಪಿದ್ರೆ ಒಂದು ಗೆರೆ ಹೊಡೆಯೋದು, ಹಾಳೆ ಹರಿಯೋ ಹಾಗಿಲ್ಲ. ಆ ನೋಟ್‌ಬುಕ್ ಈಗಲೂ ಇದೆ, 14ನೇ ಪುಟದಲ್ಲಿ ಮೊಸರಿನ ಕಲೆನೂ ಇದೆ.

ಟೆನ್ತ್‌ನಲ್ಲಿ ಕೆಮಿಸ್ಟ್ರಿ ಮಾಡಿದಾಗ ಇಷ್ಟೇ ಕೆಲಸ ಆಯ್ತು, ಆದ್ರೆ ಆ ವರ್ಷ ನಮ್ಮತ್ತೆಗೆ ಹುಷಾರಿಲ್ಲ ಅಂತ ನಾನು ಎರಡು ಸಲ ಊರಿಗೆ ಹೋಗಿ ಬಂದೆ, ಲ್ಯಾಬ್ ಎಲ್ಲಾ ಬಿಡಿ ಹಾಳೆಯಲ್ಲಿ, ಫೋನ್ ಫೋಟೋದಲ್ಲಿ ಉಳೀತು. ಎರಡು ವರ್ಷ ಆದ ಮೇಲೆ ಒಂದು ಕಾಲೇಜಿನೋರು ಲ್ಯಾಬ್ ವಿವರ ಕಳಿಸಿ ಅಂತ ಕೇಳಿದ್ರು. ಟೆಕ್ಸ್ಟ್‌ಬುಕ್ ಎಷ್ಟನೇ ಎಡಿಷನ್ ಅನ್ನೋದೂ ನಂಗೆ ನೆನಪಿರಲಿಲ್ಲ, ಮಾರಿಬಿಟ್ಟಿದ್ವಿ. ಮೂರು ರಾತ್ರಿ ಕೂತು ಹಳೇ ಫೋಟೋಗಳ ತಾರೀಖು ನೋಡಿ ನೋಡಿ ಪಟ್ಟಿ ಮಾಡಿದ್ವಿ, 16 ಪ್ರಯೋಗ ಮಾಡಿದ್ಲು ಅಂತ ಇಬ್ರಿಗೂ ಗೊತ್ತು, ಆದ್ರೆ ಪುರಾವೆ ಸಿಕ್ಕಿದ್ದು 11ಕ್ಕೆ. 11 ಅಂತಲೇ ಬರೆದೆ. ಮಗಳು ಮಾತಾಡ್ಲಿಲ್ಲ, ನಂಗೆ ಇವತ್ತಿಗೂ ಅದು ಚುಚ್ಚುತ್ತೆ, ಯಾಕಂದ್ರೆ ಅವಳು ಮಾಡಿದ ಕೆಲಸ ಅದು, ಕಳೆದಿದ್ದು ನಾನು.

ಭಾಷೆ ವಿಷಯ ನಮ್ಮೋರಿಗೆ ಹೇಳಲೇಬೇಕು. ಕನ್ನಡವನ್ನೇ ಫಾರಿನ್ ಲಾಂಗ್ವೇಜ್ ಕ್ರೆಡಿಟ್ ಮಾಡ್ಬಹುದು! ನಂಗೆ ಇದು ಹೊಳೆಯದೆ ನೈನ್ತ್ ಪೂರ್ತಿ ಅವಳಿಗೆ ಇಷ್ಟ ಇಲ್ಲದ ಸ್ಪ್ಯಾನಿಶ್ ಮಾಡಿಸಿದೆ. ಆದ್ರೆ ಮನೇಲಿ ಮಾತಾಡ್ತಾಳೆ ಅಂತ ಎರಡು ಕ್ರೆಡಿಟ್ ಬರ್ಕೊಳ್ಳೋದು ತಪ್ಪು, ಓದೋಕೆ ಬರೆಯೋಕೆ ಬರಬೇಕು. ನಾವು ಟೆನ್ತಿಂದ ಶುರು ಮಾಡಿದ್ವಿ, ದಿನಾ ಅರ್ಧ ಗಂಟೆ ಓದು, ಪ್ರತಿ ಭಾನುವಾರ ಅಜ್ಜಿಗೆ ಕೈಬರಹದಲ್ಲಿ ಒಂದು ಪುಟ ಕಾಗದ, ಫೋಟೋ ತೆಗೆದು ಕಳಿಸೋದು. ಆ ಅಜ್ಜಿ, ಅಂದ್ರೆ ನನ್ನಮ್ಮ, ರಿಟೈರ್ಡ್ ಪ್ರೈಮರಿ ಟೀಚರ್, ಅದನ್ನ ಪ್ರಿಂಟ್ ಹಾಕಿಸ್ಕೊಂಡು ಕೆಂಪು ಪೆನ್ನಲ್ಲಿ ತಿದ್ದಿ ವಾಪಸ್ ಫೋಟೋ ಕಳಿಸೋರು. ಮೊದಲ ಕಾಗದದಲ್ಲಿ ‘ಅಜ್ಜಿ’ಗೆ ಜ ಕೆಳಗಿನ ಒತ್ತು ಇಲ್ಲ, ‘ಹಳ್ಳಿ’ ಅನ್ನೋದು ‘ಅಳ್ಳಿ’ ಆಗಿತ್ತು, ಶ ಷ ಸ ಮೂರೂ ಒಂದೇ. ಮೂರನೇ ವರ್ಷದಲ್ಲಿ ತೋಟಕ್ಕೆ ನುಗ್ಗಿದ ಕೋತಿಗಳ ಬಗ್ಗೆ ಅಜ್ಜಿ ಬರೆದಿದ್ದಕ್ಕೆ ಇವಳು ಎರಡು ಪುಟ ಉತ್ತರ ಬರೆದಾಗ ಕೆಂಪು ಗುರುತು ನಾಲ್ಕೇ. ನೂರಕ್ಕಿಂತ ಜಾಸ್ತಿ ಕಾಗದ ಒಂದು ಫೈಲಲ್ಲಿದೆ. ಆಮೇಲೆ ಹೊರಗಿನೋರ ಮುದ್ರೆನೂ ಇರಲಿ ಅಂತ ಅವಾಂಟ್ ಸ್ಟ್ಯಾಂಪ್ ಅನ್ನೋ ಭಾಷಾ ಪರೀಕ್ಷೆ ಬರೆಸಿದೆ, ಅದರಲ್ಲಿ ಕನ್ನಡಕ್ಕೆ ಬರೆಯೋದು ಮತ್ತೆ ಮಾತಾಡೋದು ಎರಡೂ ಇದೆ. ಟ್ರಾನ್ಸ್‌ಕ್ರಿಪ್ಟಲ್ಲಿ ಕನ್ನಡ ಒಂದು, ಎರಡು, ಮೂರು ಅಂತ ಮೂರು ಸಾಲು ಬಂತು, ಯಾವ ಕಾಲೇಜೂ ಅದನ್ನ ಪ್ರಶ್ನೆ ಮಾಡ್ಲಿಲ್ಲ.

ಹೊರಗಿನ ಮುದ್ರೆ ಅಂದೆ. ಅಮ್ಮ ಕೊಟ್ಟ ಎ ಗ್ರೇಡ್ ಪಕ್ಕದಲ್ಲಿ ಬೇರೆಯೋರು ಅಳೆದಿದ್ದೂ ಒಂದಿಷ್ಟು ಇದ್ರೆ ಓದೋರಿಗೆ ನಂಬಿಕೆ ಬರುತ್ತೆ, ಇದು ನ್ಯಾಯವಾದ್ದೇ. ಎಸ್‌ಎಟಿ ಅನ್ನೋ ಕಾಲೇಜ್ ಪ್ರವೇಶ ಪರೀಕ್ಷೆ ಬರೆಸಿ, ಟೆಕ್ಸಸ್‌ನಲ್ಲಿ ಹೋಂಸ್ಕೂಲ್ ಮಗುಗೆ ಕ್ಲಾಸ್ ರ್‍ಯಾಂಕ್ ಇರಲ್ವಲ್ಲ, ಸ್ಟೇಟ್ ಕಾಲೇಜುಗಳು ಆ ಸ್ಕೋರ್ ನೋಡೇ ರ್‍ಯಾಂಕ್ ಅಂದಾಜು ಮಾಡ್ತಾರೆ. ಎಪಿ, ಅಂದ್ರೆ ಹೈಸ್ಕೂಲಲ್ಲೇ ಬರೆಯೋ ಕಾಲೇಜ್ ಮಟ್ಟದ ಪರೀಕ್ಷೆ, ಯಾರು ಬೇಕಾದ್ರೂ ಬರೀಬಹುದು, ಆದ್ರೆ ಮೇ ತಿಂಗಳ ಪರೀಕ್ಷೆಗೆ ನಮ್ಮನ್ನ ಕೂರಿಸ್ಕೊಳ್ಳೋ ಸ್ಕೂಲನ್ನ ಹಿಂದಿನ ಆಗಸ್ಟ್ ಸೆಪ್ಟೆಂಬರಲ್ಲೇ ಹುಡುಕ್ಬೇಕು, ನವೆಂಬರಿಗೆ ಆರ್ಡರ್ ಮುಗಿದುಹೋಗುತ್ತೆ, ನಾನು ಆರು ಸ್ಕೂಲಿಗೆ ಫೋನ್ ಮಾಡಿದ ಮೇಲೆ ಒಂದು ಸಿಕ್ತು. ಮತ್ತೆ ಕೋರ್ಸ್ ಹೆಸರಿಗೆ ಎಪಿ ಅಂತ ಸೇರಿಸ್ಬೇಕಾದ್ರೆ ಸಿಲಬಸ್ಸನ್ನ ಆ ಪರೀಕ್ಷೆ ನಡೆಸೋ ಕಾಲೇಜ್ ಬೋರ್ಡ್ ಸಂಸ್ಥೆ ಒಪ್ಪಿರಬೇಕು, ಇಲ್ಲಾಂದ್ರೆ ಆನರ್ಸ್ ಅಂತ ಬರೆದು ಸ್ಕೋರ್ ಬೇರೆ ತೋರಿಸಿ. ಎಲೆವೆಂತಿಂದ ಕಮ್ಯೂನಿಟಿ ಕಾಲೇಜಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಡ್ಯುಯಲ್ ಕ್ರೆಡಿಟ್, ಅಂದ್ರೆ ಕಾಲೇಜಿಗೂ ಹೈಸ್ಕೂಲಿಗೂ ಎರಡಕ್ಕೂ ಲೆಕ್ಕ ಆಗೋ ಕೋರ್ಸು, ಮಾಡಿದ್ಲು, ಒಂದು ಸೆಮಿಸ್ಟರ್ ಕಾಲೇಜ್ ಕೋರ್ಸಿಗೆ ಹೈಸ್ಕೂಲಿನ ಒಂದು ಕ್ರೆಡಿಟ್ ಅಂತ ಕೆಲವರು, ಅರ್ಧ ಅಂತ ಕೆಲವರು. ಯಾವುದಾದ್ರೂ ಒಂದು ಹಿಡ್ಕೊಂಡು ಅದನ್ನ ಟ್ರಾನ್ಸ್‌ಕ್ರಿಪ್ಟ್ ಕೆಳಗೆ ಬರೆದುಬಿಡಿ. ಹುಷಾರಾಗಿರಬೇಕಾದ್ದು ಏನಂದ್ರೆ ಆ ಗ್ರೇಡು ಶಾಶ್ವತ, ಮುಂದೆ ಮೆಡಿಕಲ್ ಸ್ಕೂಲಿಗೆ ಅಪ್ಲೈ ಮಾಡಿದ್ರೂ ಕೇಳ್ತಾರೆ, 15 ವರ್ಷದ ಮಗುನ ಸುಮ್ನೆ ನೂಕ್ಬೇಡಿ.

ಸಂಗೀತದ ಬಗ್ಗೆನೂ ಬಹಳ ಜನ ಕೇಳ್ತಾರೆ. ಕರ್ನಾಟಕ ಸಂಗೀತಕ್ಕೆ ಫೈನ್ ಆರ್ಟ್ಸ್ ಕ್ರೆಡಿಟ್ ಕೊಟ್ಟೆ, ಪಾಠ ಅಭ್ಯಾಸ ಎರಡೂ ಸೇರಿ ವರ್ಷಕ್ಕೆ 150 ಗಂಟೆ ಮೀರಿತ್ತು. ಆದ್ರೆ ಅದೇ ಗಂಟೆಗಳನ್ನ ಇನ್ನೊಂದು ಹೆಸರಲ್ಲಿ ಇನ್ನೊಂದು ಕ್ರೆಡಿಟ್ ಮಾಡ್ಬೇಡಿ, ಪ್ಲೀಸ್. ಮಗಳಿಗೆ ಪ್ರೀಕ್ಯಾಲ್ಕುಲಸ್‌ನಲ್ಲಿ ಬಂದಿದ್ದು ಬಿ, ಬಿ ಅಂತಲೇ ಹಾಕಿದೆ, ಎಲ್ಲಾ ಎ ಇರೋ ಅಮ್ಮನ ಟ್ರಾನ್ಸ್‌ಕ್ರಿಪ್ಟಿಗಿಂತ ಅದಕ್ಕೇ ತೂಕ ಜಾಸ್ತಿ ಅಂತ ನನ್ನ ನಂಬಿಕೆ.

ಟ್ವೆಲ್ತ್ ಬಂದಾಗ ಕಾಮನ್ ಆಪ್, ಅಂದ್ರೆ ಬಹಳ ಕಾಲೇಜಿಗೆ ಒಂದೇ ಕಡೆ ಅರ್ಜಿ ಹಾಕೋ ವೆಬ್‌ಸೈಟ್, ಆಗಸ್ಟ್ 1ಕ್ಕೆ ತೆರೆಯುತ್ತೆ, ಅಲ್ಲಿ ಕೌನ್ಸೆಲರ್ ಜಾಗದಲ್ಲಿ ನೀವೇ. ಸ್ಕೂಲ್ ಪ್ರೊಫೈಲು (ನಿಮ್ಮ ಸ್ಕೂಲಿನ ಪರಿಚಯ), ಟ್ರಾನ್ಸ್‌ಕ್ರಿಪ್ಟು, ಕೌನ್ಸೆಲರ್ ಪತ್ರ, ವರ್ಷದ ಮಧ್ಯದ ರಿಪೋರ್ಟು ಎಲ್ಲಾ ನಿಮ್ಮ ಹೆಸರಲ್ಲಿ ಹೋಗುತ್ತೆ. ಟೀಚರ್ ಪತ್ರ ಮಾತ್ರ ಹೊರಗಿನೋರಿಂದಲೇ ಬರಬೇಕು, ನಮಗೆ ಕಮ್ಯೂನಿಟಿ ಕಾಲೇಜಿನ ಮೇಷ್ಟ್ರು ಬರೆದ್ರು. ಜೊತೆಗೆ ಒಂದೊಂದು ಕೋರ್ಸಿಗೂ ನಾಲ್ಕೈದು ಸಾಲು ವಿವರ, ಯಾವ ಪುಸ್ತಕ, ಏನು ಬರೆದ್ಲು, ಗ್ರೇಡ್ ಹೇಗೆ ಕೊಟ್ರಿ ಅಂತ. ಇದನ್ನೆಲ್ಲಾ ಅಕ್ಟೋಬರಲ್ಲಿ ಮೊದಲ ಸಲ ಕೂತು ಬರೆಯೋದು ಯುದ್ಧಕಾಲೇ ಶಸ್ತ್ರಾಭ್ಯಾಸ, ಪ್ರತಿ ಮೇ ತಿಂಗಳು ಆ ವರ್ಷದ್ದು ಬರೆದು ಮುಗಿಸಿ.

ಇನ್ನೊಂದು ಮಾತು, ವಾಪಸ್ ಇಂಡಿಯಾಕ್ಕೆ ಹೋಗಿ ಅಲ್ಲಿ ಕಾಲೇಜು ಸೇರಿಸೋ ಯೋಚನೆ ಇರೋರಿಗೆ ಈ ಅಮ್ಮನ ಟ್ರಾನ್ಸ್‌ಕ್ರಿಪ್ಟ್ ಕೆಲಸಕ್ಕೆ ಬರಲ್ಲ, ಅಲ್ಲಿ ಬೋರ್ಡ್ ಸರ್ಟಿಫಿಕೇಟೇ ಬೇಕು. ಎನ್‌ಐಒಎಸ್ ಮೂಲಕ ಟೆನ್ತ್, ಟ್ವೆಲ್ತ್ ಬರೆಸೋ ದಾರಿ ನೋಡಿ, ಅದು 1989ರಿಂದ ಇರೋ ಕೇಂದ್ರ ಸರ್ಕಾರದ ಓಪನ್ ಬೋರ್ಡು.

ಹೋದ ವಾರ ಮಗನ ಜೊತೆ ಕೂತು ನಾಲ್ಕು ಕಾಲಂ ಗೆರೆ ಹಾಕಿದೆ. ಆಲ್ಜೀಬ್ರಾ ಈಗಾಗಲೇ ಅರ್ಧ ಆಗಿದೆ, ಕನ್ನಡ ಒಂದು ಈ ಸಲ ನೈನ್ತಿಂದಲೇ, ಅಜ್ಜಿಗೆ ವಿಷಯ ಹೇಳಿ ಆಯ್ತು. ಇಷ್ಟದ್ದು ಅನ್ನೋ ಸಾಲಲ್ಲಿ ಅವನು ಸೈಕಲ್ ರಿಪೇರಿ ಅಂತ ಬರೆದ. ಗ್ಯಾರೇಜಲ್ಲಿ ಒಂದು ಹೊಲಿದ ನೋಟ್‌ಬುಕ್, ದಾರ ಕಟ್ಟಿದ ಒಂದು ಪೆನ್ನು ಮೊಳೆಗೆ ನೇತು ಹಾಕಿದೀನಿ, ಮೊದಲ ಪುಟದಲ್ಲಿ ಬ್ರೇಕ್ ಕೇಬಲ್ ಬದಲಾಯಿಸಿದ್ದು, 1 ಗಂಟೆ 20 ನಿಮಿಷ ಅಂತ ಅವನ ಅಕ್ಷರದಲ್ಲಿದೆ.