ಕ್ಯಾಬಿನ್‌ನಲ್ಲಿ ಕೂತ ಪಟ್ಟದ ಗೊಂಬೆ

ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮೇಲೆ ಮನೆಗೆ ಬೀಗ ಹಾಕುವ ಹಾಗಿಲ್ಲ. ನನ್ನ ತವರು ಮಂಡ್ಯ. ಅಲ್ಲಿ ಅಮ್ಮ ಇದನ್ನು ಎಷ್ಟು ಗಟ್ಟಿಯಾಗಿ ಪಾಲಿಸುತ್ತಿದ್ದರು ಅಂದರೆ, ಜಂಬೂಸವಾರಿ ನೋಡಲು ನಾವೆಲ್ಲ ಬೆಳಿಗ್ಗೆಯೇ ಮೈಸೂರಿನ ರೈಲು ಹತ್ತಿದರೂ ಅವರು ಮಾತ್ರ ಮನೆಯಲ್ಲೇ ಉಳಿಯುತ್ತಿದ್ದರು. ಸಂಜೆ ದೀಪ ಹಚ್ಚಬೇಕು, ಆರತಿ ಎತ್ತಬೇಕು, ಗೊಂಬೆ ನೋಡಲು ಬಂದ ಮಕ್ಕಳ ಕೈಗೆ ತಿಂಡಿ ಹಾಕಬೇಕು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಅಷ್ಟು ಹತ್ತಿರ ಇದ್ದರೂ ಅಮ್ಮ ಅಂಬಾರಿಯನ್ನು ಕಣ್ಣಾರೆ ನೋಡಿದ್ದು ನಾನು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ, ಅದೂ ಒಂದೇ ಸಲ.

ಹಾಗಾಗಿ 2024ರ ಅಕ್ಟೋಬರ್‌ನಲ್ಲಿ, ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗಳು "ಅಮ್ಮ, ಶುಕ್ರವಾರ ಹೊರಟು ಹರ್ಷಿಗೆ ಹೋಗೋಣ, ಮೂರು ದಿನಕ್ಕೆ ಕ್ಯಾಬಿನ್ ಬುಕ್ ಆಗಿದೆ" ಅಂದಾಗ ನನಗೆ ಎದೆ ಧಸಕ್ ಅಂತು. ಶುಕ್ರವಾರ 11ನೇ ತಾರೀಕು ಆಯುಧಪೂಜೆ. ಶನಿವಾರ ವಿಜಯದಶಮಿ. ಸೋಮವಾರ ಅಲ್ಲಿ ಕೊಲಂಬಸ್ ಡೇ ರಜ. ಬೇಸಿಗೆಯಲ್ಲಿ ಬುಕ್ ಮಾಡುವಾಗ ಅವಳು ರಜ ನೋಡಿದ್ದಳು, ಪಂಚಾಂಗ ನೋಡಿರಲಿಲ್ಲ. ಮಕ್ಕಳಿಬ್ಬರೂ ಒಂದು ತಿಂಗಳಿಂದ ದಿನ ಎಣಿಸುತ್ತಿದ್ದರು. ಬೇಡ ಅನ್ನುವುದಾದರೂ ಹೇಗೆ?

ನಾನು ಏನೂ ಹೇಳಲಿಲ್ಲ. ನಮ್ಮ ಯಜಮಾನರಿಗೆ ಅರ್ಥವಾಯಿತು. "ವಿಜಯದಶಮಿ ಅಂದ್ರೇನೇ ಸೀಮೋಲ್ಲಂಘನ ಕಣೇ. ಮೆರವಣಿಗೆ ಅರಮನೆಯಿಂದ ಬನ್ನಿಮಂಟಪದವರೆಗೆ ಹೋಗೋದು ಯಾಕೆ ಮತ್ತೆ? ಗಡಿ ದಾಟೋ ಹಬ್ಬ ಅದು" ಅಂದರು. ಮಗಳು ನನ್ನ ಪಕ್ಕ ಬಂದು ಕೂತು, "ಗೊಂಬೆಗಳನ್ನೂ ಕರ್ಕೊಂಡು ಹೋಗೋಣ ಬಿಡಮ್ಮ" ಅಂದಳು. ತಗೊಂಡು ಹೋಗೋಣ ಅನ್ನಲಿಲ್ಲ, ಕರ್ಕೊಂಡು ಹೋಗೋಣ ಅಂದಳು. ಆ ಒಂದು ಮಾತಿಗೆ ನಾನು ಒಪ್ಪಿದೆ.

ಪಟ್ಟದ ಗೊಂಬೆ ಅಂದರೆ ಮೇಲಿನ ಮೆಟ್ಟಿಲಲ್ಲಿ ಕೂರಿಸುವ ರಾಜ ರಾಣಿ. ಮಗಳ ಮನೆಯದು 2012ರಲ್ಲಿ ಅವಳ ಮದುವೆಗೆ ನಾವು ಕೊಟ್ಟ ಜೋಡಿ. ನನ್ನ ಮದುವೆಗೆ ಅಮ್ಮನೂ ಹೀಗೇ ಒಂದು ಜೋಡಿ ಕೊಟ್ಟಿದ್ದರು. ರಕ್ತಚಂದನದ ಮರ, ಗೇಣುದ್ದ ಎತ್ತರ. ಕೈಯಲ್ಲಿ ಹಿಡಿದರೆ ನೋಟಕ್ಕಿಂತ ಜಾಸ್ತಿ ಭಾರ. ರಾಣಿಯ ಮೂಗಿನ ತುದಿಯಲ್ಲಿ ಬಣ್ಣ ಹೋಗಿ ಕೆಂಪು ಮರ ಕಾಣುತ್ತದೆ. ನನ್ನ ಹಳೆ ಮೈಸೂರು ಸಿಲ್ಕ್ ಸೀರೆಯ ಸೆರಗಿನ ತುಂಡನ್ನು ಆ ವರ್ಷ ರಾಣಿಗೆ ಉಡಿಸಿದ್ದೆ. ಬೆರಳಿನಷ್ಟು ಅಗಲದ ನೆರಿಗೆ ಹಿಡಿದು, ಸೊಂಟಕ್ಕೆ ದಾರ ಕಟ್ಟಿ, ದಾರ ಕಾಣದ ಹಾಗೆ ಮಣಿಸರ ಸುತ್ತಿದ್ದೆ. ಅದನ್ನು ಬಿಚ್ಚುವ ಮನಸ್ಸಾಗಲಿಲ್ಲ. ಹಾಗೇ ಮೆತ್ತನೆ ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕಾರು ಹತ್ತಿದೆ. ಅಂಗಡಿ ಇಡುವ ಶೆಟ್ಟಿ ಶೆಟ್ಟಮ್ಮನೂ ಜೊತೆಗೆ ಬಂದರು, ಉಳಿದ ಗೊಂಬೆಗಳು ಎಡಿಸನ್‌ನಲ್ಲೇ ಮೆಟ್ಟಿಲ ಮೇಲೆ ಉಳಿದವು. ಪಕ್ಕದ ಮನೆಯ ತೆಲುಗು ಹುಡುಗಿ ಸಂಜೆ ಬಂದು ದೀಪ ಹಚ್ಚುತ್ತೇನೆ ಅಂದಳು. ಅವರಲ್ಲೂ ಬೊಮ್ಮಲ ಕೊಲುವು ಇದೆಯಲ್ಲ, ಅವಳಿಗೆ ಏನೂ ಹೇಳಿಕೊಡಬೇಕಾಗಲಿಲ್ಲ.

ಎರಡೂವರೆ ಗಂಟೆ ದಾರಿ. ಡೆಲವೇರ್ ನದಿ ದಾಟಿದರೆ ಪೆನ್ಸಿಲ್ವೇನಿಯ. ಸೇತುವೆ ಮೇಲೆ ಯಜಮಾನರು ಹಿಂದೆ ತಿರುಗಿ ನನ್ನ ಮುಖ ನೋಡಿ "ಸೀಮೋಲ್ಲಂಘನ ಆಯ್ತು" ಅಂದರು.

ಹರ್ಷಿ ಅನ್ನುವುದು ಚಾಕೊಲೇಟ್‌ನಿಂದ ಹುಟ್ಟಿದ ಊರು. ಮಿಲ್ಟನ್ ಹರ್ಷಿ ಅಂತ ಒಬ್ಬರು ಹಸು ಮೇಯುವ ಹಳ್ಳಿಗಾಡಿನಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿ, ಕೆಲಸಗಾರರಿಗೆ ಮನೆ ಕಟ್ಟಿಸಿ, ಅವರು ಸಂಸಾರ ಸಮೇತ ಬಂದು ಕಾಲ ಕಳೆಯಲಿ ಅಂತ 1906ರಲ್ಲಿ ಒಂದು ಪಾರ್ಕ್ ತೆರೆದರು. ಅದೇ ಈಗಿನ ಹರ್ಷಿಪಾರ್ಕ್. ಅವರಿಗೆ ಮಕ್ಕಳಿರಲಿಲ್ಲ. 1909ರಲ್ಲಿ ಗಂಡ ಹೆಂಡತಿ ಸೇರಿ ಅನಾಥ ಹುಡುಗರಿಗೆ ಶಾಲೆ ಕಟ್ಟಿದರು, ಆಮೇಲೆ ಮಿಲ್ಟನ್ ತಮ್ಮ ಆಸ್ತಿಯನ್ನು ಅದಕ್ಕೇ ಬರೆದುಕೊಟ್ಟರು. ಆ ಶಾಲೆ ಇವತ್ತಿಗೂ ನಡೆಯುತ್ತಿದೆ. ಮುಖ್ಯ ರಸ್ತೆಯ ಹೆಸರು ಚಾಕೊಲೇಟ್ ಅವೆನ್ಯೂ. ಬೀದಿದೀಪಗಳು ಅವರ ಕಿಸಸ್ ಚಾಕೊಲೇಟ್ ಆಕಾರದಲ್ಲಿವೆ.

ಕಾರಿನ ಕಿಟಕಿ ಇಳಿಸಿದಾಗ ಸಿಹಿ ಸಿಹಿ ವಾಸನೆ ಬಂತು. ನನಗೆ ತಟ್ಟನೆ ಮಂಡ್ಯ ನೆನಪಾಯಿತು. 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆ ಕಬ್ಬು ಅರೆಯುವ ದಿನಗಳಲ್ಲಿ ನಮ್ಮೂರಿಗೂ ಒಂದು ವಾಸನೆ ಇರುತ್ತಿತ್ತು. ಒಣಗಲು ಹಾಕಿದ ಬಟ್ಟೆಯಲ್ಲಿ, ನಮ್ಮ ತಲೆಗೂದಲಲ್ಲಿ, ಎಲ್ಲದರಲ್ಲೂ. ಮೊಮ್ಮಗಳಿಗೆ ಅದನ್ನು ಹೇಳಿದೆ. ಅವಳಿಗೆ ಎಂಟು ವರ್ಷ. "ಅಜ್ಜಿ, ನಿಮ್ಮೂರು ಬೆಲ್ಲದ ಹರ್ಷಿನಾ?" ಅಂತ ಕೇಳಿದಳು. ಹೌದು ಕಂದ ಅಂದೆ.

ಕ್ಯಾಂಪ್‌ಗ್ರೌಂಡ್ ಪಾರ್ಕ್‌ನಿಂದ ಸ್ವಲ್ಪವೇ ದೂರ. ಮರಗಳ ನಡುವೆ ಟೆಂಟ್‌ಗಳು, ಮನೆಯಷ್ಟು ದೊಡ್ಡ ಗಾಡಿಗಳು, ಕ್ಯಾಬಿನ್‌ಗಳು. ನಮ್ಮದು ಒಂದೇ ಕೋಣೆಯ ಮರದ ಮನೆ. ಒಂದು ದೊಡ್ಡ ಮಂಚ, ಮಕ್ಕಳಿಗೆ ಒಂದರ ಮೇಲೊಂದು ಇರುವ ಬಂಕ್ ಮಂಚ, ಪುಟ್ಟ ಫ್ರಿಜ್, ಮುಂದೆ ಜಗಲಿ. ಹಾಸಿಗೆ ಹೊದಿಕೆ ನಾವೇ ಒಯ್ದಿದ್ದೆವು. ಸ್ನಾನಕ್ಕೆ ಐವತ್ತು ಹೆಜ್ಜೆ ನಡೆಯಬೇಕು. ಹೊರಗೆ ಊಟದ ಮೇಜು, ನೆಲದಲ್ಲಿ ಕಬ್ಬಿಣದ ಬಳೆ ಹೂತಿಟ್ಟ ಬೆಂಕಿಗುಂಡಿ.

ಮೊದಲ ಕೆಲಸ ಗೊಂಬೆ ಕೂರಿಸುವುದು. ಮೆಟ್ಟಿಲು ಬೆಸವೇ ಇರಬೇಕು. ಕೆಳಗೆ ಐಸ್ ಬಾಕ್ಸ್, ಅದರ ಹಿಂದೆ ಸೂಟ್‌ಕೇಸ್, ಅದರ ಮೇಲೆ ಬೂಟಿನ ಡಬ್ಬ, ಮೂರು ಮೆಟ್ಟಿಲಾಯಿತು. ಯಜಮಾನರ ಬಿಳಿ ಪಂಚೆ ಹಾಸಿದೆ. ಮೇಲೆ ರಾಜ ರಾಣಿ. ನಡುವೆ ಶೆಟ್ಟಿ ಶೆಟ್ಟಮ್ಮ, ಅವರ ಮುಂದೆ ಬಾಟಲಿ ಮುಚ್ಚಳಗಳಲ್ಲಿ ಅಕ್ಕಿ, ತೊಗರಿಬೇಳೆ, ಬೆಲ್ಲದ ಅಂಗಡಿ. ಕೆಳಗಿನ ಮೆಟ್ಟಿಲು ಐದು ವರ್ಷದ ಮೊಮ್ಮಗ ಚಿನ್ನುವಿಗೆ ಬಿಟ್ಟಿದ್ದೆ. ಅವನು ತನ್ನ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಮುಂದೆ ಒಂದು ಡೈನೋಸಾರ್ ಇಟ್ಟ. "ಇದು ಅಭಿಮನ್ಯು" ಅಂದ. ಆ ವರ್ಷ ಅಂಬಾರಿ ಹೊರಲಿದ್ದ ಆನೆಯ ಹೆಸರು ಅದು. ಆನೆ ಗೊಂಬೆ ಎಡಿಸನ್‌ನಲ್ಲೇ ಉಳಿದಿತ್ತು ಅಂತ ಆಗಲೇ ನೆನಪಾಗಿದ್ದು.

ಕ್ಯಾಬಿನ್ ಒಳಗೆ ದೀಪ ಹಚ್ಚುವ ಹಾಗಿಲ್ಲ, ಪೂರ್ತಿ ಮರದ್ದಲ್ವಾ. ಒಳಗೆ ಬ್ಯಾಟರಿ ದೀಪ ಇಟ್ಟು, ನಿಜವಾದ ಎಣ್ಣೆ ದೀಪವನ್ನು ಹೊರಗೆ ಬೆಂಕಿಗುಂಡಿಯ ಪಕ್ಕ ಹಚ್ಚಿದೆವು. ನೈವೇದ್ಯವೂ ಅಲ್ಲೇ. ಮೈಸೂರಿನಿಂದ ಅಚ್ಚು ಬೆಲ್ಲ ತಂದಿದ್ದೆ, ಸಿಹಿ ಪೊಂಗಲ್ ಮಾಡೋಣ ಅಂತ. ಮಗಳು ಪಾತ್ರೆಯನ್ನು ಹಾಗೇ ಬೆಂಕಿ ಮೇಲೆ ಇಡಲು ಹೊರಟಳು. ತಡೆದು, ಹಳೆ ಬೂದಿಗೆ ನೀರು ಕಲಸಿ ಪಾತ್ರೆಯ ತಳಕ್ಕೂ ಸುತ್ತಲೂ ತೆಳ್ಳಗೆ ಬಳಿದೆ. ಹೀಗೆ ಬಳಿದರೆ ಮಸಿ ಪಾತ್ರೆಗೆ ಅಂಟುವುದಿಲ್ಲ, ಬೂದಿಯ ಮೇಲೆ ಕೂರುತ್ತದೆ. ತೊಳೆಯುವಾಗ ಒಂದೇ ನೀರಿಗೆ ಎದ್ದು ಬರುತ್ತದೆ. ಸೌದೆ ಒಲೆಯ ಕಾಲದಲ್ಲಿ ನಮ್ಮ ಎಲ್ಲ ಮನೆಗಳಲ್ಲೂ ಇದನ್ನೇ ಮಾಡುತ್ತಿದ್ದದ್ದು. ಮಗಳಿಗೆ ಮೂವತ್ತೆಂಟು ವರ್ಷ, ಗ್ಯಾಸ್ ಒಲೆ ಬಿಟ್ಟು ಬೇರೆ ಕಂಡವಳಲ್ಲ. ನನಗೂ ಅದನ್ನು ಅವಳಿಗೆ ತೋರಿಸುವ ಸಂದರ್ಭ ಅಲ್ಲಿವರೆಗೂ ಬಂದಿರಲಿಲ್ಲ. ಅಕ್ಕಿ ಹೆಸರುಬೇಳೆ ಬೆಂದು, ಬೆಲ್ಲ ಕರಗಿ, ಹೊಗೆಯ ವಾಸನೆ ಸ್ವಲ್ಪವೇ ಹಿಡಿದ ಆ ಪೊಂಗಲ್‌ನ ರುಚಿಯೇ ಬೇರೆ.

ಆಯುಧಪೂಜೆಗೆ ಅಳಿಯ ಕಾರು ತೊಳೆಯಲು ನಿಂತರು. ಬರೀ ತೊಳೆಯುವುದಷ್ಟೇ ಅಲ್ಲ, ಚಕ್ರದ ಸಂದು, ಬಂಪರ್ ಕೆಳಗೆ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಕೇಳಿದ್ದಕ್ಕೆ ಹೇಳಿದರು: "ಲ್ಯಾಂಟರ್ನ್‌ಫ್ಲೈ ಮೊಟ್ಟೆ ಇದ್ಯಾ ನೋಡ್ತಿದೀನಿ ಅತ್ತೆ." ಏಷ್ಯಾದಿಂದ ಬಂದ ಚುಕ್ಕೆ ಚುಕ್ಕೆ ರೆಕ್ಕೆಯ ಹುಳ ಅದು. ಅಮೆರಿಕದಲ್ಲಿ ಮೊದಲು ಕಾಣಿಸಿದ್ದು ಇದೇ ಪೆನ್ಸಿಲ್ವೇನಿಯದಲ್ಲಿ, 2014ರಲ್ಲಿ. ದ್ರಾಕ್ಷಿ ಬಳ್ಳಿಯ ರಸ ಹೀರಿ ಹಾಳು ಮಾಡುತ್ತದೆ. ಒದ್ದೆ ಮಣ್ಣು ಮೆತ್ತಿದ ಹಾಗೆ ಎಲ್ಲೆಂದರಲ್ಲಿ ಮೊಟ್ಟೆ ಇಡುತ್ತದೆ, ಕಾರಿನ ಮೇಲೂ. ಜನ ಗೊತ್ತಿಲ್ಲದೆ ಊರಿಂದ ಊರಿಗೆ ಹೊತ್ತುಕೊಂಡು ಹೋಗುತ್ತಾರೆ. ಸೌದೆಯನ್ನೂ ಇದಕ್ಕೇ ಮನೆಯಿಂದ ತರದೆ ಅಲ್ಲೇ ಕೊಂಡಿದ್ದೆವು. ಕಾರಿನ ಮೈ ಪೂರ್ತಿ ಹುಡುಕಿ ಒರೆಸಿದ ಮೇಲೆ ಅರಿಶಿನ ಕುಂಕುಮ ಇಟ್ಟೆವು, ಸೇವಂತಿಗೆ ಹಾರ ಹಾಕಿದೆವು. ಮಕ್ಕಳ ಸೈಕಲ್, ಸೌದೆ ಸೀಳುವ ಪುಟ್ಟ ಕೊಡಲಿ, ಟಾರ್ಚ್, ಅಳಿಯನ ಲ್ಯಾಪ್‌ಟಾಪ್ ಎಲ್ಲಕ್ಕೂ ಪೂಜೆ. ಚಕ್ರಕ್ಕೆ ನಿಂಬೆಹಣ್ಣು. ಕಡಲೆಪುರಿ ಹಂಚಿದ್ದು ಮೊಮ್ಮಗಳು.

ಬೂದುಗುಂಬಳಕಾಯಿ ಎಡಿಸನ್ ಅಂಗಡಿಯಲ್ಲೇ ಸಿಕ್ಕಿತ್ತು. ಅದನ್ನು ದಾರಿಯಲ್ಲಿ ಒಡೆಯಲಿಲ್ಲ. ನಿವಾಳಿಸಿ, ಹಳೆ ಪ್ಲಾಸ್ಟಿಕ್ ಹಾಳೆಯ ಮೇಲೆ ಒಡೆದು, ಚೂರು ಬಿಡದೆ ಕಟ್ಟಿ ಕಸಕ್ಕೆ ಹಾಕಿದೆವು. ನಿಜ ಹೇಳಬೇಕಂದರೆ ನಮ್ಮೂರಲ್ಲೂ ಹೀಗೇ ಮಾಡಬೇಕು. ಆಯುಧಪೂಜೆಯ ಸಂಜೆ ರಸ್ತೆ ತುಂಬಾ ಬಿದ್ದ ಕುಂಬಳಕಾಯಿ ಚೂರಿನ ಮೇಲೆ ಸ್ಕೂಟರ್ ಜಾರಿ ಬಿದ್ದವರನ್ನು ನಾನೇ ಎಬ್ಬಿಸಿ ಕೂರಿಸಿದ್ದೇನೆ. ದೃಷ್ಟಿ ತೆಗೆಯುವುದು ಒಳ್ಳೆಯದಾಗಲಿ ಅಂತ ಅಲ್ವಾ?

ಎದುರಿನ ಗಾಡಿಯವರು ಹ್ಯಾಲೋವೀನ್‌ಗೆ ಅಂತ ಮೆಟ್ಟಿಲ ಮೇಲೆ ಕಿತ್ತಳೆ ಕುಂಬಳಕಾಯಿ ಜೋಡಿಸಿದ್ದರು. ನಾವು ಕಾರಿಗೆ ಹೂ ಹಾಕಿದ್ದು ನೋಡಿ ಆ ಗಾಡಿಯ ತಾಯಿ ತಮ್ಮ ಮಗಳ ಕೈ ಹಿಡಿದು ಬಂದು ಏನು ಅಂತ ಕೇಳಿದರು. ನಮ್ಮ ಮೊಮ್ಮಗಳು ಪುಟ್ಟಿ ಅವರನ್ನು ಒಳಗೆ ಕರೆದು ಗೊಂಬೆ ತೋರಿಸಿದಳು. ಆ ಮಗು ಶೆಟ್ಟಿಯ ಅಂಗಡಿಯ ಮುಂದೆ ಮಂಡಿಯೂರಿ ಕೂತು, ಒಂದೊಂದು ಮುಚ್ಚಳವನ್ನೂ ನೋಡಿತು. ಗೊಂಬೆ ನೋಡಲು ಬಂದ ಮಗುವನ್ನು ಬರಿಗೈಯಲ್ಲಿ ಕಳಿಸುತ್ತಾರಾ? ಗೊಂಬೆ ಬಾಗಿನ ಅಂತ ಚಕ್ಕುಲಿ, ರವೆ ಉಂಡೆ ಕೊಡಲು ಹೋದೆ. ತಾಯಿ ಸ್ವಲ್ಪ ಹಿಂಜರಿದು, ಗೋಡಂಬಿ ಬಾದಾಮಿ ಇದೆಯಾ, ಮಗುವಿಗೆ ಆಗುವುದಿಲ್ಲ ಅಂದರು. ಉಂಡೆಯಲ್ಲಿ ಗೋಡಂಬಿ ಇತ್ತು. ಚಕ್ಕುಲಿಯಲ್ಲಿ ಏನೇನು ಇದೆ ಅಂತ ಮಗಳು ಒಂದೊಂದಾಗಿ ಹೇಳಿದಳು: ಅಕ್ಕಿಹಿಟ್ಟು, ಉದ್ದಿನಹಿಟ್ಟು, ಎಳ್ಳು, ಬೆಣ್ಣೆ. ಎಳ್ಳು ಪರವಾಗಿಲ್ಲ ಅಂದ ಮೇಲೆ ಎರಡು ಚಕ್ಕುಲಿ ಕೊಟ್ಟೆ. ಸಂಜೆ ಆ ಮಗು ಇನ್ನೂ ಮೂರು ಮಕ್ಕಳನ್ನು ಕರೆದುಕೊಂಡು ಬಂತು. ಮೈಸೂರಿನ ಬೀದಿಗಳಲ್ಲಿ "ಆಂಟಿ, ಗೊಂಬೆ ಕೂರ್ಸಿದ್ದೀರಾ?" ಅಂತ ಗೇಟು ಬಡಿಯುವ ಮಕ್ಕಳು ಈಗ ಕಡಿಮೆಯಾಗಿದ್ದಾರೆ. ಅಲ್ಲಿ ಆ ನಾಲ್ಕು ಮಕ್ಕಳನ್ನು ಬಾಗಿಲಲ್ಲಿ ನೋಡಿ ನನ್ನ ಕಣ್ಣು ತುಂಬಿತು.

ಮಾರನೆಯ ದಿನ ಬೆಳಿಗ್ಗೆ ಆರಕ್ಕೇ ಎದ್ದೆವು. ಮೈಸೂರಿನ ಸಂಜೆ ನಾಲ್ಕು ಅಂದರೆ ಅಲ್ಲಿ ಬೆಳಗಿನ ಆರೂವರೆ. ಹೊರಗೆ ಇನ್ನೂ ಕತ್ತಲೆ, ಉಸಿರು ಬಿಟ್ಟರೆ ಹೊಗೆ. ಜಗಲಿಯಲ್ಲಿ ಕಂಬಳಿ ಹೊದ್ದು, ಆರು ಜನ ಒಂದು ಫೋನಿಗೆ ಮುಖ ಕೊಟ್ಟು ಕೂತೆವು. ಅರಮನೆಯ ಮುಂದೆ ಇನ್ನೂ ಹಗಲು. ಸ್ತಬ್ಧಚಿತ್ರಗಳು, ನಂದಿಧ್ವಜ, ಡೊಳ್ಳು. ನೆಟ್‌ವರ್ಕ್ ಎರಡು ಸಲ ನಿಂತಿತು. ಕೊನೆಗೆ ಅಭಿಮನ್ಯು ಬಂದ. 750 ಕೆಜಿ ಚಿನ್ನದ ಅಂಬಾರಿ, ಒಳಗೆ ತಾಯಿ ಚಾಮುಂಡೇಶ್ವರಿ. 21 ಕುಶಾಲತೋಪು ಹಾರಿಸುವಾಗ ಯಜಮಾನರು ಎದ್ದು ನಿಂತು ಕೈ ಮುಗಿದರು. ಮಕ್ಕಳೂ ಎದ್ದರು.

ನಾನು ಮೈಸೂರಿಗೆ ಸೊಸೆಯಾಗಿ ಬಂದಾಗ ಅಂಬಾರಿ ಹೊರುತ್ತಿದ್ದವನು ದ್ರೋಣ. ಅಮ್ಮ ನೋಡಿದ್ದು ಅವನನ್ನೇ. ಮಗಳು ಹೈಸ್ಕೂಲಿಗೆ ಹೋಗುವಾಗ ಬಲರಾಮ. 2012ರಿಂದ ಅರ್ಜುನ, 2020ರಿಂದ ಅಭಿಮನ್ಯು. ಬಲರಾಮ, ಅರ್ಜುನ ಇಬ್ಬರೂ 2023ರಲ್ಲೇ ಹೋದರು. ಅರ್ಜುನ ಕಾಡಾನೆ ಹಿಡಿಯುವ ಕೆಲಸದಲ್ಲೇ ಜೀವ ಬಿಟ್ಟ. ಅಂಬಾರಿಯಿಲ್ಲದ ಅವನ ಬೆನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಇದನ್ನೆಲ್ಲ ಮಕ್ಕಳಿಗೆ ಅಲ್ಲೇ ಹೇಳಿದೆ. ಚಿನ್ನು ಒಳಗೆ ಹೋಗಿ ಡೈನೋಸಾರ್ ಬೆನ್ನಿಗೆ ಅಚ್ಚು ಬೆಲ್ಲ ಸುತ್ತಿದ್ದ ಕಾಗದ ಹೊದಿಸಿ ಬಂದ.

ಆಮೇಲೆ ಪಾರ್ಕ್. ದೊಡ್ಡ ರೋಲರ್‌ಕೋಸ್ಟರ್‌ಗಳ ವಿಷಯ ಮಕ್ಕಳೇ ಬರೆಯಬೇಕು, ನಾನು ಕೆಳಗೆ ನಿಂತು ಚೀಲ ಹಿಡಿದವಳು. ನನ್ನ ಮನಸ್ಸು ಹೋಗಿದ್ದು 1919ರ ಕುದುರೆ ತಿರುಗಣಿಯ ಮೇಲೆ. 66 ಕುದುರೆಗಳು, ಒಂದೊಂದನ್ನೂ ಕೈಯಲ್ಲೇ ಕೆತ್ತಿದ್ದಾರೆ. ಪುಟ್ಟಿಯ ಜೊತೆ ಒಂದರ ಮೇಲೆ ಕೂತೆ. ಕುತ್ತಿಗೆಯ ಕೂದಲನ್ನು ಸವರಿದರೆ ಬಣ್ಣದ ಕೆಳಗೆ ಉಳಿಯ ಏಟು ಬೆರಳಿಗೆ ಸಿಗುತ್ತದೆ. ನಮ್ಮ ರಾಣಿಯ ಸೊಂಟದಲ್ಲೂ ಹಾಗೇ ಸಿಗುತ್ತದೆ.

ಸಂಜೆ ಜೈಂಟ್ ವೀಲ್. ಇದಕ್ಕೆ ನಾನೇ ಮುಂದೆ ಹೋದೆ. ನಮಗೆ ಮೈಸೂರಿನವರಿಗೆ ದಸರಾ ಅಂದರೆ ಬೆಳಿಗ್ಗೆ ಪೂಜೆ, ಸಂಜೆ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ. ಅಲ್ಲಿ ಡೆಲ್ಲಿ ಹಪ್ಪಳ ತಿನ್ನದೆ, ಜೈಂಟ್ ವೀಲ್ ಹತ್ತದೆ ಹಬ್ಬ ಮುಗಿದದ್ದೇ ಇಲ್ಲ. ತೊಟ್ಟಿಲು ಮೇಲೆ ಹೋದಾಗ ಒಂದು ಕಡೆ ಅರಮನೆಯ ದೀಪ, ಇನ್ನೊಂದು ಕಡೆ ಚಾಮುಂಡಿ ಬೆಟ್ಟದ ದೀಪ. ಹರ್ಷಿಯ ತೊಟ್ಟಿಲಲ್ಲಿ ಮೇಲೆ ಹೋದಾಗ ಕೆಳಗೆ ಬಣ್ಣ ಬಣ್ಣದ ದೀಪ, ಆಚೆ ಕಪ್ಪು ಕಾಡು. ಮಗಳು ನನ್ನ ಕೈ ಹಿಡಿದುಕೊಂಡು "ಅಮ್ಮ, ಎಕ್ಸಿಬಿಷನ್" ಅಂದಳು. ಅಷ್ಟೇ ಅಂದಿದ್ದು. ಇಳಿದ ಮೇಲೆ ಫನಲ್ ಕೇಕ್ ತಿಂದೆವು. ಹಿಟ್ಟನ್ನು ಜಹಾಂಗೀರಿನ ಹಾಗೆ ಎಣ್ಣೆಗೆ ಸುತ್ತಿ ಬಿಟ್ಟು ಕರಿದು, ಮೇಲೆ ಸಕ್ಕರೆ ಪುಡಿ ಉದುರಿಸುತ್ತಾರೆ. ಚೆನ್ನಾಗಿತ್ತು. ಡೆಲ್ಲಿ ಹಪ್ಪಳದ ಖಾರದ ಪುಡಿ ಬೇಕಿತ್ತು ಅನ್ನಿಸಿತು.

ವಾಪಸು ಬಂದಾಗ ರಾತ್ರಿ ಒಂಬತ್ತೂವರೆ. ಮಕ್ಕಳು ಕಾರಿನಲ್ಲೇ ನಿದ್ದೆ ಹೋಗಿದ್ದರು. ಆದರೂ ವಿಜಯದಶಮಿ ರಾತ್ರಿ ಪಟ್ಟದ ಗೊಂಬೆಗೆ ಆರತಿ ಎತ್ತಿ ಮಲಗಿಸಬೇಕು. ಬಾಗಿಲು ತೆರೆದಿಟ್ಟು ಜಗಲಿಯ ಆಚೆಯಿಂದ ಆರತಿ ಎತ್ತಿದೆ. ನನ್ನ ಹಾಡಿಗೆ ಚಿನ್ನು ಎದ್ದ. ರಾಜನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ತನ್ನ ಕೆಳಗಿನ ಬಂಕ್‌ನಲ್ಲಿ ಗೋಡೆ ಬದಿಗೆ ಮಲಗಿಸಿದ. ರಾಣಿಯನ್ನು ಪಕ್ಕದಲ್ಲಿಟ್ಟ. ತನ್ನ ಕಂಬಳಿಯ ತುದಿ ಎಳೆದು ಇಬ್ಬರಿಗೂ ಕುತ್ತಿಗೆಯವರೆಗೆ ಹೊದಿಸಿ, ಉಳಿದ ಜಾಗದಲ್ಲಿ ತಾನು ಮುದುರಿಕೊಂಡ.