ಜರ್ಮನಿಯಲ್ಲಿ ಬಾಡಿಗೆ ಮಳಿಗೆಯ ವಿಳಾಸಕ್ಕೆ ಆನ್‌ಮೆಲ್ಡುಂಗ್ (ನಿವಾಸ ನೋಂದಣಿ)

ಸ್ಟುಡಿಯೊ, ಆಫೀಸು ಅಥವಾ ಹಳೆಯ ಅಂಗಡಿ ಮಳಿಗೆಯನ್ನು ವ್ಯಾಪಾರದ ಕರಾರಿನಲ್ಲಿ ಬಾಡಿಗೆಗೆ ಹಿಡಿದು ಅಲ್ಲೇ ವಾಸವಿದ್ದರೆ, ಆ ವಿಳಾಸವನ್ನು ಮುಖ್ಯ ನಿವಾಸವಾಗಿ ನೋಂದಾಯಿಸಬಹುದೇ? ನೋಂದಾಯಿಸಬಹುದು, ನೋಂದಾಯಿಸಲೂಬೇಕು. ಫೆಡರಲ್ ನೋಂದಣಿ ಕಾಯ್ದೆಯ 20ನೇ ಕಲಮಿನ ಪ್ರಕಾರ ವಾಸಕ್ಕೋ ಮಲಗುವುದಕ್ಕೋ ಬಳಸುವ, ನಾಲ್ಕೂ ಕಡೆ ಮುಚ್ಚಿದ ಯಾವ ಜಾಗವಾದರೂ ವಾಸಸ್ಥಳವೇ. ಒಳಗೆ ಬಂದ ಎರಡು ವಾರದೊಳಗೆ ಬ್ಯುರ್ಗರಾಮ್ಟ್‌ಗೆ, ಅಂದರೆ ಊರಿನ ನಾಗರಿಕ ಸೇವಾ ಕಚೇರಿಗೆ ಹೋಗಬೇಕು, ಬರುವ ಮೊದಲೇ ನೋಂದಾಯಿಸಲಾಗದು. ಜರ್ಮನಿಯಲ್ಲೇ ಇನ್ನೊಂದು ಮನೆಯಿದ್ದರೆ, ಹೆಚ್ಚು ಕಾಲ ಇರುವ ಜಾಗವೇ ಮುಖ್ಯ ನಿವಾಸ. ಅದು ನಮ್ಮ ಇಷ್ಟಕ್ಕೆ ಬಿಟ್ಟ ಆಯ್ಕೆಯಲ್ಲ.

ಕೆಲಸ ನಿಲ್ಲುವುದು ಸಾಮಾನ್ಯವಾಗಿ ಒಂದು ಕಾಗದಕ್ಕೆ: ವೋನುಂಗ್ಸ್‌ಗೇಬರ್‌ಬೆಷ್ಟೆಟಿಗುಂಗ್, ಅಂದರೆ ಜಾಗ ಕೊಟ್ಟವರ ದೃಢೀಕರಣ. ಕೊಟ್ಟವರ ಹೆಸರು, ವಿಳಾಸ, ನೀವು ಒಳಬಂದ ದಿನಾಂಕ, ಜಾಗದ ವಿಳಾಸ, ನೋಂದಾಯಿಸುವ ಎಲ್ಲರ ಹೆಸರು ಅದರಲ್ಲಿರಬೇಕು. ಕೊಟ್ಟವರು ಮಾಲೀಕರಲ್ಲದಿದ್ದರೆ ಮಾಲೀಕರ ಹೆಸರೂ ಬೇಕು. ಬಾಡಿಗೆ ಕರಾರು ಇದಕ್ಕೆ ಬದಲಿಯಾಗದು. ಮಾಲೀಕರು ಸಹಿ ಹಾಕಲು ಒಪ್ಪದಿದ್ದರೆ ಸುಮ್ಮನೆ ಕಾಯಬೇಡಿ, ತಡಮಾಡದೆ ಕಚೇರಿಗೆ ತಿಳಿಸಿ. ಕಾಯ್ದೆಯೇ ಹಾಗೆ ಹೇಳುತ್ತದೆ. ತಡವಾದರೆ 1,000 ಯೂರೊವರೆಗೆ ದಂಡ ಬೀಳಬಹುದು. ವಾಸವಿಲ್ಲದವರಿಗೆ ವಿಳಾಸ ಕೊಡುವುದಕ್ಕೆ ದಂಡ 50,000ದವರೆಗೆ. ದುಡ್ಡಿಗೆ ವಿಳಾಸ ಮಾರುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಮಾಲೀಕರು ಸಹಿಗೆ ಹಿಂಜರಿಯುವುದಕ್ಕೆ ಕಾರಣವಿದೆ. ನೋಂದಣಿ ಆಯಿತೆಂದರೆ ಅಲ್ಲಿ ವಾಸಿಸಲು ಪರವಾನಗಿ ಸಿಕ್ಕಿತೆಂದಲ್ಲ. ಕಟ್ಟಡ ಇಲಾಖೆಯ ಕಡತದಲ್ಲಿ ಅಂಗಡಿಯೆಂದಿರುವ ಜಾಗವನ್ನು ಮನೆಯಾಗಿಸಲು ನುಟ್ಸುಂಗ್ಸ್‌ಎಂಡರುಂಗ್, ಅಂದರೆ ಬಳಕೆ ಬದಲಾವಣೆಯ ಅನುಮತಿ ಬೇಕು. ಮಾದರಿ ಕಟ್ಟಡ ಸಂಹಿತೆ ಕೇಳುವುದು ಕನಿಷ್ಠ 2.40 ಮೀಟರ್ ಎತ್ತರದ ಕೋಣೆ, ನೆಲದ ಎಂಟನೇ ಒಂದು ಭಾಗದಷ್ಟು ಕಿಟಕಿ, ಬೆಂಕಿ ಬಿದ್ದರೆ ಹೊರಬರಲು ಎರಡು ದಾರಿ. ರಾಜ್ಯದಿಂದ ರಾಜ್ಯಕ್ಕೆ ಅಳತೆ ಬದಲಾಗುತ್ತದೆ. ಹಿತ್ತಲ ಗೋಡೆಯಲ್ಲಿ ಕಿಟಕಿಯೇ ಇಲ್ಲದ ಉದ್ದನೆಯ ಮಳಿಗೆಗಳು ಇಲ್ಲೇ ಸೋಲುತ್ತವೆ. ಗೆವೆರ್ಬೆಗೆಬೀಟ್ ಎಂಬ ವಾಣಿಜ್ಯ ವಲಯದಲ್ಲಂತೂ ವಾಸಕ್ಕೆ ಅವಕಾಶ ಅಪರೂಪ: ಕಾವಲಿನವರಿಗೆ, ಉದ್ದಿಮೆಯ ಒಡೆಯರಿಗೆ ಅಥವಾ ವ್ಯವಸ್ಥಾಪಕರಿಗೆ, ಅದೂ ಉದ್ದಿಮೆಗೆ ಹೊಂದಿಕೊಂಡ ಚಿಕ್ಕ ಮನೆಯಾಗಿ.

ಹಾಗಾಗಿ ಸಹಿ ಹಾಕುವ ಮೊದಲೇ ಕರಾರಿನಲ್ಲಿ ವಾಸದ ಒಪ್ಪಿಗೆಯನ್ನು ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆಯನ್ನು ಮಾಲೀಕರು ಬದಲಾದ ದಿನ ಸಾಬೀತುಪಡಿಸುವುದು ಕಷ್ಟ. ಬರೀ ವ್ಯಾಪಾರದ ಕರಾರಿನಲ್ಲಿ ಮನೆ ಬಾಡಿಗೆದಾರರಿಗಿರುವ ರಕ್ಷಣೆ ಇಲ್ಲ. ಅವಧಿ ಗೊತ್ತುಮಾಡದ ಕರಾರಾದರೆ ಕಾರಣ ಕೊಡದೆಯೇ, ತ್ರೈಮಾಸಿಕದ ಮೂರನೇ ಕೆಲಸದ ದಿನದೊಳಗೆ ನೋಟಿಸು ಕೊಟ್ಟು ಮುಂದಿನ ತ್ರೈಮಾಸಿಕದ ಕೊನೆಗೆ ಬಿಡಿಸಬಹುದು.

ಅಂಚೆ ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿನ ಜೊತೆಗೆ ನಿಮ್ಮ ಹೆಸರನ್ನೂ ಅಂಟಿಸಿ. ಮೊದಲ ಸಲ ನೋಂದಾಯಿಸಿದವರಿಗೆ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲೇ ಬರುತ್ತದೆ. ಪೆಟ್ಟಿಗೆಯಲ್ಲಿ ಹೆಸರಿಲ್ಲದಿದ್ದರೆ ಪತ್ರ ವಾಪಸು ಹೋಗುತ್ತದೆ.